ಅಕ್ಕನ ನಾಲ್ಕು ಬಟ್ಟಲು

ನಮ್ಮೂರಿನಲ್ಲಿ ಯಾರದಾದರೂ ಮನೆಯಲ್ಲಿ ಉಂಡವರು ಸಿಹಿ ತಿನ್ನದೆ ಹೊರಗೆ ಹೋಗಲಾರರು. ಹೋಗಬಾರದು ಎಂದಲ್ಲ, ಹೋಗಲಾರರು. ಕಾಲು ಹೊಸಿಲಿನ ಹತ್ತಿರ ಬಂದು ನಿಲ್ಲುತ್ತದೆ, ಎತ್ತಿದರೆ ಏಳುವುದಿಲ್ಲ. ನೋವಿಲ್ಲ, ಉಳುಕಿಲ್ಲ, ಸುಮ್ಮನೆ ಏಳುವುದಿಲ್ಲ. ಆಗ ಮನೆಯವರು ಒಳಗಿಂದ ಸಿಹಿ ತಂದು ಕೈಯಾರೆ ಕೊಡುತ್ತಾರೆ, ನೆಂಟರು ನಿಂತಲ್ಲೇ ತಿನ್ನುತ್ತಾರೆ, ಕಾಲು ಏಳುತ್ತದೆ, 'ಬರ್ತೀವಿ' ಅನ್ನುತ್ತಾರೆ, ಹೋಗುತ್ತಾರೆ. ಒಂದು ಊಟಕ್ಕೆ ಒಂದು ತುತ್ತು. ಒಂದು ರಾತ್ರಿ ಉಳಿದರೆ ಒಂದು ಬಟ್ಟಲು, ಎರಡು ರಾತ್ರಿಗೆ ಎರಡು. ಹೊರಡುವ ಹೊತ್ತಿಗೇ, ಹೊಸಿಲ ಮುಂದೆ ನಿಂತೇ ತಿನ್ನಬೇಕು. ಹಿಂದಿನ ದಿನ ತಿಂದದ್ದು ಜಮಾ ಆಗುವುದಿಲ್ಲ. ಮನೆಯವರಿಗೆ ಈ ತಾಪತ್ರಯವಿಲ್ಲ, ಅವರು ದಿನಕ್ಕೆ ನೂರು ಸಲ ಒಳಗೆ ಹೊರಗೆ ಓಡಾಡಬಹುದು.

ಒಮ್ಮೆ ನಮ್ಮ ಬೀದಿಯ ಒಂದು ಮನೆಗೆ ಕಳ್ಳ ನುಗ್ಗಿದ್ದ. ಪಾತ್ರೆ ಪಗಡ ಗಂಟು ಕಟ್ಟಿಕೊಂಡು ಹೋಗಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಸಿವಾಗಿತ್ತೋ ಏನೋ, ಮುಚ್ಚಿಟ್ಟಿದ್ದ ಮುದ್ದೆ ಸಾರು ಉಂಡ. ಬೆಳಗ್ಗೆ ಮನೆಯೊಡತಿ ಎದ್ದು ನೋಡಿದರೆ ಗಂಟು ಹೊತ್ತುಕೊಂಡು, ತಲೆ ತಗ್ಗಿಸಿ, ಹೊಸಿಲ ಹತ್ತಿರ ನಿಂತಿದ್ದಾನೆ. ಆಕೆ ಗಂಟು ಕಿತ್ತುಕೊಂಡು, ಬಾಯಿಗೆ ಬಂದಂತೆ ಬೈದು, ಒಂದು ತಂಬಿಟ್ಟು ಕೊಟ್ಟು ಕಳಿಸಿದಳು. ಉಂಡವನು ಉಂಡವನೇ ಅಲ್ಲವೆ?

ಇಂಥ ಊರಿನಲ್ಲಿ ಮಿಠಾಯಿ ಅಂಗಡಿ ಇಟ್ಟವನು ಹಸಿದು ಮಲಗುವುದಿಲ್ಲ. ನಾನು ಹುಟ್ಟಿದ್ದು ಈ ಊರಿನಲ್ಲಲ್ಲ. ಹದಿನೆಂಟು ವರ್ಷದವನಿದ್ದಾಗ ಇಲ್ಲಿಯ ಮಿಠಾಯಿ ಅಂಗಡಿಗೆ ಪಾಕ ತಿರುವುವ ಕೆಲಸಕ್ಕೆ ಬಂದೆ, ಮಾಲೀಕರ ಮಗಳು ಸರ್ವಮಂಗಳೆಯನ್ನೇ ಮದುವೆಯಾಗಿ ಮನೆ ಅಳಿಯನಾದೆ. ಹೊಸಿಲು ನನ್ನನ್ನು ಎರಡು ವರ್ಷ ನೆಂಟನೆಂದೇ ಎಣಿಸಿತು. ದಿನಾ ಬೆಳಗ್ಗೆ ಅಂಗಡಿಗೆ ಹೊರಡುವಾಗ ಒಂದು ಬಟ್ಟಲು ತಿಂದೇ ಹೊರಡಬೇಕಾಗಿತ್ತು. ಒಂದು ದಿನ ಏನೋ ಯೋಚನೆಯಲ್ಲಿ ತಿನ್ನದೆಯೇ ದಾಟಿ ಬೀದಿಗೆ ಬಂದುಬಿಟ್ಟಿದ್ದೆ. ಹಿಂದೆ ತಿರುಗಿ ನೋಡಿದರೆ ನಮ್ಮತ್ತೆ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವತ್ತು ನಾನು ಈ ಮನೆಯವನಾದೆ.

ಈ ಕಾನೂನಿನಿಂದ ಸುಖಪಟ್ಟವರು ನಾವು. ಕಷ್ಟಪಟ್ಟವರು ಸಕ್ಕರೆ ಕಾಯಿಲೆಯವರು. ಅವರು ಯಾರ ಮನೆಯಲ್ಲೂ ಉಣ್ಣುವಂತಿಲ್ಲ, ಆದ್ದರಿಂದ ಒಳಗೇ ಬರುವುದಿಲ್ಲ. ಬಂದರೆ 'ಒಂದು ಲೋಟ ಮಜ್ಜಿಗೆ' ಎಂದು ಶುರುವಾಗಿ ಎಲ್ಲಿಗೆ ಮುಟ್ಟುತ್ತದೋ ಯಾರಿಗೆ ಗೊತ್ತು. ಹೊರಗೆ ಜಗಲಿಯ ಮೇಲೆ ಕೂತು ಮಾತಾಡಿ ಎದ್ದುಹೋಗುತ್ತಾರೆ. ನಮ್ಮೂರ ಜಗಲಿಗಳು ಅಷ್ಟು ಅಗಲ ಇರುವುದು ಅದಕ್ಕೇ. ಪಕ್ಕದ ಮನೆಯ ಜವರಯ್ಯನವರು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಮಗಳನ್ನು ಇದೇ ಊರಿಗೆ, ಮೂರು ಬೀದಿ ಆಚೆಗೆ ಕೊಟ್ಟಿದ್ದಾರೆ. ಆ ಮನೆಯ ಒಳಗೋಡೆ ಯಾವ ಬಣ್ಣ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ಇಷ್ಟು ವರ್ಷ ನಾನು ಅದನ್ನೆಲ್ಲ ಕಂಡೂ ಕಾಣದವನಂತೆ ಇದ್ದೆ. ಮಿಠಾಯಿ ಮಾರುವವನಿಗೆ ಮಿಠಾಯಿ ತಿನ್ನಲಾಗದವರ ಯೋಚನೆ ಯಾಕೆ? ನಮ್ಮಕ್ಕನ ಫೋನು ಬಂದಾಗಲೇ ನನಗೆ ಬಿಸಿ ಮುಟ್ಟಿದ್ದು.

ನಮ್ಮಕ್ಕ ಚೆನ್ನಾಜಮ್ಮ. ನನಗೆ ಮೂರು ವರ್ಷ, ಅವಳಿಗೆ ಹನ್ನೆರಡು ಆಗಿದ್ದಾಗ ಅವ್ವ ಹೋದಳು. ಅಪ್ಪ ಇದ್ದೂ ಇಲ್ಲದಂಥವನು. ಅಕ್ಕ ಅವರಿವರ ಮನೆಯಲ್ಲಿ ಕಾಯಿ ಸುಲಿದು, ಹುಣಸೆ ಬಿಡಿಸಿ ನನ್ನನ್ನು ಸಾಕಿದಳು. ಹಬ್ಬದ ದಿನ ಬೀದಿಯ ಮಕ್ಕಳೆಲ್ಲ ಒಬ್ಬಟ್ಟು ಹಿಡಿದುಕೊಂಡು ಆಚೆ ಬಂದರೆ ನಾನು ಅಳುತ್ತ ಒಳಗೆ ಓಡುತ್ತಿದ್ದೆ. 'ಮೊದಲು ಔಷಧಿ, ಆಮೇಲೆ ಸಿಹಿ' ಅನ್ನುವುದು ಅವಳ ಕಾನೂನು. ಕಣ್ಣು ಮುಚ್ಚಿಸಿ, ಹೊಟ್ಟೆಹುಳಕ್ಕೆ ಎಂದು ಏನೋ ಜಜ್ಜಿದ್ದನ್ನು ಬಾಯಿಗೆ ತುರುಕುತ್ತಿದ್ದಳು. ಆಮೇಲೆ ಹಿತ್ತಾಳೆ ತಂಬಿಗೆಯಿಂದ ಸಕ್ಕರೆ ನೀರು ಕುಡಿಸುತ್ತಿದ್ದಳು. ಎಂಥ ಸಿಹಿ! ಅವಳು ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ತಾನು ನಾಲಿಗೆಗೆ ಹಾಕಿಕೊಳ್ಳದೆ ಕೂಡಿಟ್ಟ ಸಕ್ಕರೆಯನ್ನೆಲ್ಲ ನನಗೆ ಕರಗಿಸಿ ಕೊಟ್ಟಳಲ್ಲ ಎಂದುಕೊಳ್ಳುತ್ತಿದ್ದೆ. ಅಂಗಡಿಗೆ ಬಂದವರಿಗೆಲ್ಲ ಈ ಕಥೆ ಹೇಳಿದ್ದೇನೆ. ಅಂಗಡಿ ನನ್ನ ಕೈಗೆ ಬಂದ ವರ್ಷದಿಂದ ಪ್ರತಿ ದೀಪಾವಳಿಗೆ ಅವಳ ಊರಿಗೆ ಐದು ಸೇರು ಮಿಠಾಯಿ ಕಳಿಸುತ್ತ ಬಂದಿದ್ದೇನೆ. ಅವಳಿಗೆ ಸಕ್ಕರೆ ಕಾಯಿಲೆ ಬಂದ ಮೇಲೂ ಕಳಿಸುತ್ತಿದ್ದೆ, ಮನೆಯಲ್ಲಿ ಬೇರೆಯವರು ತಿನ್ನಲಿ ಎಂದು. ನನ್ನ ಬುದ್ಧಿಗಿಷ್ಟು.

ಹತ್ತು ವರ್ಷದ ಹಿಂದೆ ಅವಳು ನಮ್ಮ ಮನೆಗೆ ಬಂದು ಒಂದು ರಾತ್ರಿ ಇದ್ದು, ಒಂದು ಬಟ್ಟಲು ಜಾಮೂನು ತಿಂದು ಹೊರಟವಳು ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಅಲ್ಲಿಂದ ಈಚೆಗೆ ಬಂದಿರಲಿಲ್ಲ. ಈಗ ಫೋನಿನಲ್ಲಿ ಹೇಳಿದಳು: "ಲಿಂಗೂ, ಎರಡು ಕಣ್ಣಿಗೂ ಪೊರೆ ಬಂದಿದೆ ಕಣೋ. ಸಕ್ಕರೆ ಇನ್ನೂರರ ಒಳಗಿದ್ದರೆ ಮಾತ್ರ ಆಪರೇಷನ್ ಮಾಡೋದು ಅಂತಾರೆ ಡಾಕ್ಟ್ರು. ಎರಡು ಸಲ ಮುಂದಕ್ಕೆ ಹಾಕಿದಾರೆ. ಮೂರನೇ ಸಲ ಹಾಕಿದ್ರೆ ಬಲಗಣ್ಣಿನ ಆಸೆ ಬಿಡು ಅಂದ್ರು. ಇನ್ನು ಹದಿನೈದು ದಿನಕ್ಕೆ, ಶುಕ್ರವಾರ ಮಾಡ್ತೀವಿ ಅಂತ ಹೇಳಿದಾರೆ. ಅಷ್ಟರೊಳಗೆ ನಿನ್ನ ಮೊಮ್ಮಗಳನ್ನ ಒಂದ್ಸಲ ನೋಡ್ಬೇಕು. ಆಪರೇಷನ್ನು ಹೆಂಗಾಗುತ್ತೋ ಏನೋ, ಇರೋ ಕಣ್ಣಲ್ಲಿ ನೋಡಿಬಿಡ್ತೀನಿ. ಅವ್ವನ ಥರಾ ಇದಾಳೆ ಅಂತ ಯಾರೋ ಅಂದ್ರು."

ಯಾರೋ ಅಂದದ್ದಲ್ಲ, ನಾನೇ ಹೇಳಿಸಿದ್ದು. ಐದು ತಿಂಗಳ ಕೂಸು ನನ್ನ ಮಗನಂತೆಯೂ ಇಲ್ಲ, ಸೊಸೆಯಂತೆಯೂ ಇಲ್ಲ; ಅವ್ವನಂತಿರಬಹುದು ಎಂದು ನನ್ನ ಊಹೆ. ಅವ್ವನ ಮುಖ ನನಗೆ ನೆನಪಿಲ್ಲ, ಒಂದು ಫೋಟೋ ಕೂಡ ಇಲ್ಲ. ಆ ಮುಖ ಕಂಡವರಲ್ಲಿ ಬದುಕಿರುವವಳು ಅಕ್ಕ ಒಬ್ಬಳೇ.

"ಜಗಲಿ ಮೇಲೆ ಕೂತು ನೋಡ್ಕೊಂಡು ಹೋಗ್ತೀನಿ, ಒಳಗೆ ಬರಲ್ಲ" ಅಂದಳು.

"ನನ್ನ ಸಾಕಿದವಳು ನನ್ನ ಮನೆ ಜಗಲಿ ಮೇಲೆ ಕೂತು ಹೋಗೋದೇ? ಒಳಗೆ ಬಂದು, ಉಂಡು, ಒಂದು ರಾತ್ರಿ ಮಲಗಿ ಹೋಗ್ಬೇಕು. ನಿನಗೆ ತೊಂದರೆ ಆಗದೇ ಇರೋ ಸಿಹಿ ನಾನು ಮಾಡ್ತೀನಿ. ಮೂವತ್ತೆಂಟು ವರ್ಷ ಪಾಕ ತಿರುವಿದೀನಿ, ಅಷ್ಟು ಮಾಡಕ್ಕಾಗಲ್ವಾ?" ಅಂದೆ. ಬಾಯಲ್ಲಿ ಅಂದುಬಿಡುವುದು ಸುಲಭ.

ಅಕ್ಕನನ್ನು ಕರೆತರುವ ಭಾನುವಾರಕ್ಕೆ ಹತ್ತು ದಿನ ಉಳಿದಿತ್ತು. ಮಾಡಿದ್ದನ್ನು ಪರೀಕ್ಷೆ ಮಾಡುವುದು ಹೇಗೆ? ನಾನು ಮನೆಯವನು, ನನ್ನನ್ನು ಹೊಸಿಲು ತಡೆಯುವುದೇ ಇಲ್ಲ. ಜವರಯ್ಯನವರ ಮುಂದೆ ಕಷ್ಟ ತೋಡಿಕೊಂಡೆ. ಅವರು ಮನೆಗೆ ಹೋಗಿ, ರಕ್ತ ನೋಡುವ ಪುಟ್ಟ ಮಿಷನ್ನು ಜೇಬಿಗೆ ಹಾಕಿಕೊಂಡು ಬಂದು, ಚಪ್ಪಲಿ ಬಿಟ್ಟು, ಇಪ್ಪತ್ತು ವರ್ಷದ ಮೇಲೆ ನಮ್ಮ ಹೊಸಿಲು ದಾಟಿ ಒಳಗೆ ಬಂದರು. "ಒಂದು ತುತ್ತು ಅನ್ನ ಹಾಕಮ್ಮ ಮಂಗಳಮ್ಮ" ಎಂದು ನೆಲದ ಮೇಲೆ ಕೂತರು. ಈಗ ಬರೆಯುವಾಗಲೂ ಅವರಿಗೆ ಕೈ ಮುಗಿಯಬೇಕೆನಿಸುತ್ತದೆ.

ಮೊದಲ ದಿನ ಸೋರೆಕಾಯಿ ತುರಿದು, ಹಾಲಿನಲ್ಲಿ ಬತ್ತಿಸಿ, ಏಲಕ್ಕಿ ಹಾಕಿ ಕೊಟ್ಟೆ. ಸಕ್ಕರೆ ಒಂದು ಕಾಳೂ ಇಲ್ಲ. ಅವರು ತಿಂದು, ಹೊಸಿಲಿಗೆ ಹೋಗಿ, ನಿಂತರು. ಕಾಲು ಏಳಲಿಲ್ಲ. "ಇದು ಸಿಹಿ ಅಲ್ಲ ಲಿಂಗಣ್ಣ, ಪಲ್ಯಕ್ಕೆ ಹಾಲು ಬಿದ್ದಂಗಿದೆ" ಅಂದರು. ಒಂದು ಚೂರು ಬೆಲ್ಲ ಕೊಟ್ಟು ಬಿಡಿಸಿದೆ.

ಎರಡನೆಯ ದಿನ ಖರ್ಜೂರ, ಅಂಜೂರ ಅರೆದು ಬರ್ಫಿ ಮಾಡಿದೆ. ಸಕ್ಕರೆ ಇಲ್ಲ, ಬರೀ ಹಣ್ಣು ಎಂದು ಬೀಗಿದೆ. ಹೊಸಿಲು ತಕ್ಷಣ ಬಿಟ್ಟಿತು. ನಾನು ಕುಣಿದಾಡಿದ್ದೇ ಬಂತು. ಎರಡು ಗಂಟೆ ಕಳೆದು ಬೆರಳು ಚುಚ್ಚಿ ನೋಡಿದರೆ ಇನ್ನೂರ ಅರವತ್ತು. "ಮಹಾರಾಯ, ಹಣ್ಣಲ್ಲಿರೋದೂ ಸಕ್ಕರೆನೇ. ಬೆಲ್ಲ ಅಂದ್ರೇನು, ಜೇನುತುಪ್ಪ ಅಂದ್ರೇನು, ಖರ್ಜೂರ ಅಂದ್ರೇನು, ಎಲ್ಲಾ ಒಂದೇ ತಾಯಿ ಮಕ್ಕಳು. ನಮ್ಮ ಜನ ಬೆಲ್ಲ ಒಳ್ಳೇದು ಅಂತ ತಿಂದೂ ತಿಂದೂ ಕಾಲು ಕಳಕೊಂಡಿದ್ದು ನಾನು ಆಸ್ಪತ್ರೇಲಿ ಎಷ್ಟು ನೋಡಿಲ್ಲ" ಎಂದು ನನಗೇ ಪಾಠ ಹೇಳಿದರು. ಪಾಪ, ಆ ದಿನವೆಲ್ಲ ಊರು ಸುತ್ತಿ ನಡೆದು ನಡೆದು ಇಳಿಸಿಕೊಂಡರು.

ಮೂರನೆಯ ದಿನ ಔಷಧಿ ಅಂಗಡಿಯ ಸಿಹಿ ಗುಳಿಗೆ ಹಾಕಿ ಬಾದಾಮಿ ಹಾಲು ಮಾಡಿದೆ. ಆ ಗುಳಿಗೆಯ ಸಿಹಿಗೆ ಒಂದು ಬಾಲ ಇರುತ್ತದೆ, ಬಾಲದ ತುದಿಯಲ್ಲಿ ಕಹಿ. ಹೊಸಿಲಿಗೆ ಆ ಬಾಲ ಹಿಡಿಸಲಿಲ್ಲ. ಜವರಯ್ಯನವರ ಎಡಗಾಲನ್ನು ಬಿಟ್ಟಿತು, ಬಲಗಾಲನ್ನು ಬಿಡಲಿಲ್ಲ. ಒಂದು ಕಾಲು ಜಗಲಿಯ ಮೇಲೆ, ಒಂದು ಕಾಲು ನಡುಮನೆಯಲ್ಲಿ ಇಟ್ಟುಕೊಂಡು ಅವರು ನಿಂತ ಚಂದವನ್ನು ಬೀದಿಯೆಲ್ಲ ಬಂದು ನೋಡಿತು. ಸರ್ವಮಂಗಳೆ ನಗು ತಡೆಯಲಾರದೆ ಒಳಗೆ ಹೋದಳು.

ಹೀಗೆ ಏಳು ದಿನ. ಕೊನೆಗೆ ಒಂದು ಹದ ಸಿಕ್ಕಿತು. ಹೆಸರುಬೇಳೆಯನ್ನು ಘಮ್ಮೆನ್ನುವಂತೆ ಹುರಿದು ಬೇಯಿಸಿ, ತೆಳ್ಳಗಿನ ಕಾಯಿಹಾಲು, ಬಾದಾಮಿ ಪುಡಿ, ಚಕ್ಕೆ, ಏಲಕ್ಕಿ, ಇಡೀ ಬಟ್ಟಲಿಗೆ ಒಂದೇ ಒಂದು ಖರ್ಜೂರ. ಮೇಲೆ ಚಿಟಿಕೆ ಉಪ್ಪು. ಉಪ್ಪು ಇದ್ದರೆ ಇರುವಷ್ಟು ಸಿಹಿಯೇ ಎದ್ದು ಕಾಣುತ್ತದೆ, ಬಿಸಿಬಿಸಿ ಕೊಟ್ಟರೆ ಇನ್ನೂ ಎದ್ದು ಕಾಣುತ್ತದೆ; ಇದು ಮಿಠಾಯಿಯವರ ಗುಟ್ಟು. ಜವರಯ್ಯನವರು ಬೇಕೆಂದೇ ಒಂದು ರಾತ್ರಿ ನಮ್ಮಲ್ಲಿ ಮಲಗಿ, ಬೆಳಗ್ಗೆ ಒಂದು ಬಟ್ಟಲು ತಿಂದರು. ಹೊಸಿಲು ಸ್ವಲ್ಪ ಯೋಚನೆ ಮಾಡಿ ಎರಡು ಕಾಲನ್ನೂ ಬಿಟ್ಟಿತು. ರಕ್ತದಲ್ಲಿ ಏರಿದ್ದು ಬರೀ ನಲವತ್ತು. "ಒಂದು ಬಟ್ಟಲು ಪರವಾಗಿಲ್ಲ. ಆದರೆ ಒಂದೇ ಬಟ್ಟಲು" ಎಂದು ಬೆರಳೆತ್ತಿ ತೋರಿಸಿದರು. ಒಂದು ರಾತ್ರಿಗೆ ಒಂದು ಬಟ್ಟಲು, ಅಷ್ಟೇ ತಾನೆ ಬೇಕಾಗಿದ್ದು? ಭಾನುವಾರ ಹೋಗಿ ಅಕ್ಕನನ್ನು ಕರೆದುಕೊಂಡು ಬಂದೆ.

ಅಕ್ಕ ಹೊಸಿಲು ದಾಟಿ ಬಂದವಳೇ ಕೈ ಚಾಚಿದಳು. ಸೊಸೆ ಮಗುವನ್ನು ಮಡಿಲಲ್ಲಿ ಹಾಕಿದಳು. ಅಕ್ಕ ಕಿಟಕಿಯ ಬೆಳಕಿಗೆ ತಿರುಗಿ ಕೂತು, ಮಗುವಿನ ಮುಖವನ್ನು ತನ್ನ ಮುಖದ ಹತ್ತಿರ, ಮೂಗಿಗೆ ಮೂಗು ತಗುಲುವಷ್ಟು ಹತ್ತಿರ ತಂದುಕೊಂಡಳು.

"ಮೂಗು ಅವ್ವಂದೇ," ಅಂದಳು. ಆಮೇಲೆ, "ಬಾಯಿ ಗೊತ್ತಾಗ್ತಾ ಇಲ್ಲ. ನಾಳೆ ಬೆಳಗ್ಗೆ ಬಿಸಿಲಲ್ಲಿ ನೋಡ್ತೀನಿ."

ಮರುದಿನ ಕಿಟಕಿಯ ಬಿಸಿಲಿನಲ್ಲಿ ಬಾಯಿಯನ್ನೂ ಹುಬ್ಬನ್ನೂ ನೋಡಿದಳು. ಹುಬ್ಬು ಅವ್ವಂದು, ಬಾಯಿ ಅಲ್ಲ ಅಂದಳು. ಮಗು ನಿದ್ದೆಗೆ ಜಾರಿತು. "ನಕ್ಕಾಗ ಹೆಂಗಿರುತ್ತೋ ನೋಡ್ಬೇಕಿತ್ತು." ನಾನು, "ಇವತ್ತೊಂದು ದಿನ ಇರಕ್ಕಾ" ಅಂದೆ. ಮಂಗಳವಾರ ಮಗುವಿಗೆ ಶೀತ, ನಗಲೇ ಇಲ್ಲ. ಬುಧವಾರ ಮಧ್ಯಾಹ್ನ, ಸರ್ವಮಂಗಳೆ ಉಪ್ಪಿನಕಾಯಿಗೆಂದು ಜವರಯ್ಯನವರ ಮರದ ನೆಲ್ಲಿಕಾಯಿ ಮೊರದ ತುಂಬ ಹಾಕಿಕೊಂಡು ಒರೆಸುತ್ತಿದ್ದಾಗ, ಒಂದು ಕಾಯಿ ಉರುಳಿ ಹೋಗಿದ್ದನ್ನು ಕಂಡು ಮಗು ಕಿಲಕಿಲ ನಕ್ಕಿತು. ಅಕ್ಕ ಅದರ ಕೆನ್ನೆಯ ಮೇಲೆ ಎರಡು ಬೆರಳಿಟ್ಟು ನೋಡಿದಳು. ಆಮೇಲೆ, "ಲಿಂಗೂ, ಬಾ ಇಲ್ಲಿ. ಈ ಗುಳಿ ನೋಡು. ಎಡಗೆನ್ನೇಲಿ ಮಾತ್ರ. ಇದೇ ಅವ್ವ ಕಣೋ. ನೋಡ್ಕೋ. ನೀನು ಕೇಳ್ತಿದ್ದೆಯಲ್ಲ, ಅವ್ವ ಹೆಂಗಿದ್ಲು ಅಂತ, ಹಿಂಗಿದ್ಲು" ಅಂದಳು.

ಐವತ್ತಾರನೆಯ ವಯಸ್ಸಿನಲ್ಲಿ ನಾನು ನಮ್ಮವ್ವನ ನಗು ನೋಡಿದೆ. ಆ ಸಂತೋಷದಲ್ಲಿ ನಾಲ್ಕು ರಾತ್ರಿಗಳಾಗುತ್ತವೆ ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ. ತಲೆಗೆ ಬಂದದ್ದು ಗುರುವಾರ ಬೆಳಗ್ಗೆ, ಜವರಯ್ಯನವರು ಮಿಷನ್ನು ಹಿಡಿದು ಬಂದು "ಎಷ್ಟು ಬಟ್ಟಲಾಯ್ತು?" ಎಂದು ಕೇಳಿದಾಗ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ. ಅಕ್ಕನ ಸಕ್ಕರೆ ಖಾಲಿ ಹೊಟ್ಟೆಯಲ್ಲಿ ನೂರ ಐವತ್ತು ತೋರಿಸಿತು. ಒಂದು ಬಟ್ಟಲು ತಿಂದರೆ ನೂರ ತೊಂಬತ್ತು, ನಾಲ್ಕು ತಿಂದರೆ ಮುನ್ನೂರು ದಾಟುತ್ತದೆ. ಅವಳ ಮೈಯಲ್ಲಿ ಒಮ್ಮೆ ಏರಿದ್ದು ಎರಡು ದಿನವಾದರೂ ಇಳಿಯುವುದಿಲ್ಲ. ಸಂಜೆ ಆಸ್ಪತ್ರೆಗೆ ಸೇರಬೇಕು, ಅಲ್ಲಿ ರಕ್ತ ನೋಡಿಯೇ ಮುಂದಿನ ಮಾತು. ಇವತ್ತು ಹೊರಡದೆ ಉಳಿದರೆ ನಾಳೆ ಐದು ಬಟ್ಟಲಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಹನ್ನೊಂದು ಗಂಟೆಯ ಬಸ್ಸು ತಪ್ಪಿದರೆ ಬಲಗಣ್ಣು ಹೋಯಿತು.

"ಅತ್ಗೆಮ್ಮ ಮನೆಯವರೇ ಅಲ್ವೇನ್ರೀ," ಎಂದಳು ಸರ್ವಮಂಗಳೆ. "ನಿಮ್ಮನ್ನ ಹೆತ್ತವರಿಗಿಂತ ಹೆಚ್ಚು. ಹೊಸಿಲು ಹಂಗೇ ಬಿಟ್ಟರೂ ಬಿಟ್ಟೀತು, ಒಂದ್ಸಲ ನೋಡೋಣ."

ನನಗೂ ಒಳಗೊಳಗೆ ಅದೇ ಆಸೆ. ಅಕ್ಕನ ಕೈ ಹಿಡಿದು ಹೊಸಿಲ ಹತ್ತಿರ ಕರೆದುಕೊಂಡು ಹೋದೆ. ನಿಂತಳು. ಕಾಲು ಏಳಲಿಲ್ಲ. ನಾನು ಬಾಗಿ ಅವಳ ಪಾದ ಹಿಡಿದು ಎತ್ತಿದೆ, ಬಾಗಿಲಿನ ಜೊತೆಗೇ ಮಾಡಿದ ಮರದ ಪಾದದಂತೆ ಅದು ಅಲುಗಲಿಲ್ಲ. ನನಗೆ ತಡೆಯಲಾಗಲಿಲ್ಲ. ನನ್ನನ್ನು ಸಾಕಿ ಬೆಳೆಸಿದವಳು ನನ್ನ ಮನೆಯಲ್ಲಿ ನೆಂಟಳೇ ಎಂದು ಹೊಸಿಲನ್ನೇ ಬೈದೆ.

"ಅದನ್ಯಾಕೆ ಬೈತೀಯೋ," ಅಂದಳು ಅಕ್ಕ. "ಹತ್ತು ವರ್ಷಕ್ಕೊಂದ್ಸಲ ಬರೋಳು ನೆಂಟಳಲ್ದೆ ಇನ್ನೇನು? ಅದು ಇದ್ದದ್ದು ಹೇಳ್ತು. ನೆಂಟಳು ಅಂದ್ರೆ ನನಗೇನು ಬೇಜಾರಿಲ್ಲ, ಚೆನ್ನಾಗಿ ನೋಡ್ಕೊಂಡಿದೀಯ. ತಾ ನಿನ್ನ ಪಾಯಸ."

ಸರ್ವಮಂಗಳೆ ಬಿಸಿ ಮಾಡಿ ತಂದಳು. ಅಕ್ಕ ನಿಂತೇ ನಿಧಾನವಾಗಿ ತಿಂದಳು, ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದಳು. "ಉಪ್ಪು ಹಾಕಿದೀಯ. ಜಾಣ" ಅಂದಳು. ಒಂದು ರಾತ್ರಿ ತೀರಿತು. ಕಾಲು ಮಾತ್ರ ಇನ್ನೂ ಏಳಲಿಲ್ಲ, ಮೂರು ರಾತ್ರಿ ಉಳಿದಿತ್ತು. ಎರಡನೆಯ ಬಟ್ಟಲು ಕೈಯಲ್ಲಿ ಹಿಡಿದು ಸರ್ವಮಂಗಳೆ ಜವರಯ್ಯನವರ ಮುಖ ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು. ಗಡಿಯಾರದಲ್ಲಿ ಹತ್ತೂ ಕಾಲು. ನಾನು ಗೋಡೆಗೊರಗಿ ಕೂತುಬಿಟ್ಟೆ. ಜಗಲಿಯ ಮೇಲೆ ಕೂತು ಹೋಗುತ್ತೇನೆ ಎಂದವಳನ್ನು ಜಂಬಕ್ಕೆ ಒಳಗೆ ಕರೆದವನು ನಾನು. ಇನ್ನೊಂದು ದಿನ ಇರು, ಇನ್ನೊಂದು ದಿನ ಇರು ಎಂದವನೂ ನಾನೇ. ಅವಳ ಕಣ್ಣನ್ನು ನನ್ನ ಕೈಯಾರೆ ಕಳೆದೆ ಎಂದು ಅಳು ಬಂತು, ಅತ್ತೆ.

ಅಕ್ಕ ಮುಖ ಎತ್ತಿ ಗಾಳಿಯನ್ನು ಮೂಸಿದಳು. "ಮಂಗಳಾ, ಆ ನೆಲ್ಲಿಕಾಯಿ ಮೊರ ಎಲ್ಲಿದೆಯಮ್ಮ?"

"ಇಲ್ಲೇ ಮೂಲೇಲಿದೆ ಅತ್ಗೆಮ್ಮ."

"ಮೂರು ಕಾಯಿ ಜಜ್ಜಿ, ಒಂದು ಹರಳು ಉಪ್ಪು ಹಾಕ್ಕೊಂಡು ಬಾ. ಒಂದು ತಂಬಿಗೆ ನೀರು. ನಿನ್ನ ಕೈಯಿಂದಲೇ ಕೊಡು."

ನಮಗೆ ಯಾರಿಗೂ ಅರ್ಥವಾಗಲಿಲ್ಲ. ನಮ್ಮೂರಿನಲ್ಲಿ ನೆಲ್ಲಿಕಾಯಿ ಎಂದರೆ ಉಪ್ಪಿನಕಾಯಿ, ಸಿಹಿ ಎಂದರೆ ಪಾಕ. ಅದರ ಆಚೆಗೆ ಯಾರ ಯೋಚನೆಯೂ ಹೋಗಿರಲಿಲ್ಲ. ಸರ್ವಮಂಗಳೆ ಜಜ್ಜಿ ತಂದಳು. ಅಕ್ಕ ಒಂದು ಕಾಯಿಯಷ್ಟನ್ನು ಬಾಯಿಗೆ ಹಾಕಿಕೊಂಡು ಅಗಿದಳು. ಹುಳಿಗೆ ಒಗರಿಗೆ ಮುಖವೆಲ್ಲ ಕಿವುಚಿತು, ಕಣ್ಣಲ್ಲಿ ನೀರು ಬಂತು. ನುಂಗಿ, ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು. ಕುಡಿದು "ಆಹಾ" ಅಂದಳು. ಹೊಸಿಲ ಮೇಲೆ ಅವಳ ಎಡಗಾಲಿನ ಹೆಬ್ಬೆರಳು ಅಲುಗಿತು.

ಜವರಯ್ಯನವರು ಕುರ್ಚಿಯಿಂದ ಎದ್ದು ನಿಂತರು.

ಎರಡನೆಯ ಕಾಯಿ, ಎರಡನೆಯ ತಂಬಿಗೆ. ಎಡ ಹಿಮ್ಮಡಿ ಎದ್ದಿತು. ಮೂರನೆಯದಕ್ಕೆ ಹೊಟ್ಟೆ ಉಬ್ಬಿ ಅಕ್ಕ ತೇಗಿದಳು, "ಇಷ್ಟು ನೀರು ಎಮ್ಮೆನೂ ಕುಡಿಯಲ್ಲ ಕಣ್ರೇ" ಅಂದಳು, ಕುಡಿದಳು, ಎಡಗಾಲು ಎತ್ತಿದಳು, ಬಲಗಾಲು ಎತ್ತಿದಳು, ಹೊಸಿಲು ದಾಟಿ ಜಗಲಿಯ ಮೇಲೆ ನಿಂತಳು. ಯಾರೋ ಅವಳನ್ನು ತಡೆದಿದ್ದರು ಎನ್ನುವ ಗುರುತೇ ಇಲ್ಲದ ಹಾಗೆ ಸೆರಗು ಸರಿಮಾಡಿಕೊಂಡಳು.

ನಾನು ಎದ್ದು ಬಾಗಿಲಿಗೆ ಬಂದೆ. ಅವಳ ಕೈಯಲ್ಲಿದ್ದ ತಂಬಿಗೆ ನೋಡಿದೆ. ಐವತ್ತು ವರ್ಷದ ಹಿಂದಿನ ಹಿತ್ತಾಳೆ ತಂಬಿಗೆ ಕಣ್ಣ ಮುಂದೆ ಬಂತು. ಮೊದಲು ಔಷಧಿ, ಆಮೇಲೆ ಸಿಹಿ.

"ಅಕ್ಕ, ಆ ಸಕ್ಕರೆ ನೀರು..." ಅಂದೆ.

"ಸಕ್ಕರೆ ಎಲ್ಲಿತ್ತೋ ನಮ್ಮನೇಲಿ?" ಅಂದಳು ಅಕ್ಕ, ಮೆಲ್ಲಗೆ, ಬೇರೆಯವರಿಗೆ ಕೇಳಿಸಬಾರದು ಎನ್ನುವಂತೆ. "ಹೊಲದ ಬದೀಲಿ ಒಂದು ನೆಲ್ಲಿ ಮರ ಇತ್ತು. ಹಬ್ಬದ ದಿನ ನೀನು ಅಳ್ತಿದ್ದೆ. ಏನು ಮಾಡ್ಲಿ, ನಾನೂ ಚಿಕ್ಕೋಳು. ಕಾಯಿ ತಿಂದು ನೀರು ಕುಡಿದ್ರೆ ಸಿಹಿಯಾಗುತ್ತಲ್ಲ, ಅದನ್ನೇ ಮಾಡ್ದೆ. ನೀನು ದೊಡ್ಡೋನಾದ್ಮೇಲೆ ಊರೆಲ್ಲ ಹೇಳ್ಕೊಂಡು ಬಂದೆ, ನಮ್ಮಕ್ಕ ತಾನು ಬಿಟ್ಟು ನನಗೆ ಸಕ್ಕರೆ ಕೊಟ್ಲು ಅಂತ. ಅಷ್ಟು ಸಂತೋಷವಾಗಿ ಹೇಳ್ತಿದ್ದೆ. ಸಕ್ಕರೆ ಇರ್ಲಿಲ್ಲ ಅಂತ ಹೆಂಗೆ ಹೇಳ್ಲಿ?"

"ಮತ್ತೆ ನಾನು ಕಳಿಸ್ತಿದ್ದ ಮಿಠಾಯಿ?"

"ಹಂಚ್ತಿದ್ದೆ. ಒಂದೊಂದು ಚೂರು ತಿಂತಿದ್ದೆ. ನೀನು ಮಾಡಿದ್ದಲ್ವಾ."

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಜವರಯ್ಯನವರಂತೂ ಸೊಂಟದ ಮೇಲೆ ಕೈಯಿಟ್ಟುಕೊಂಡು ತಮ್ಮ ಮನೆಯ ನೆಲ್ಲಿ ಮರವನ್ನೇ ದುರುಗುಟ್ಟಿ ನೋಡುತ್ತಿದ್ದರು. ಇಪ್ಪತ್ತು ವರ್ಷ ಅದರ ನೆರಳಿನಲ್ಲೇ ಕುರ್ಚಿ ಹಾಕಿಕೊಂಡು, ಯಾರ ಮನೆಗೂ ಹೋಗುವಂತಿಲ್ಲವಲ್ಲ ಎಂದು ಕೊರಗಿದ್ದರಂತೆ. ಆಮೇಲೆ ನನಗೆ ತಿಳಿದದ್ದು: ಆ ಸಂಜೆಯೇ ಅವರು ನಾಲ್ಕು ಕಾಯಿ ಜೇಬಿಗೆ ಹಾಕಿಕೊಂಡು ಮಗಳ ಮನೆಗೆ ಊಟಕ್ಕೆ ಹೋದರು. ಒಳಗೋಡೆಗೆ ತಿಳಿ ಹಸಿರು ಬಣ್ಣವಂತೆ. ಈಗ ನಮ್ಮೂರಿನ ಮನೆಗಳಲ್ಲಿ ಹೊಸಿಲ ಪಕ್ಕದ ಗೂಡಿನಲ್ಲಿ ಉಪ್ಪುನೀರಿಗೆ ಹಾಕಿದ ನೆಲ್ಲಿಕಾಯಿ ಭರಣಿ ಒಂದು ಇರುತ್ತದೆ, ಕಾಯಿ ಇಲ್ಲದ ಕಾಲಕ್ಕೂ ಬರಲಿ ಎಂದು. ಜಗಲಿಯ ಮೇಲೆ ಈಗ ಬಟ್ಟೆ ಒಣಗಿಸುತ್ತಾರೆ. ನನ್ನ ವ್ಯಾಪಾರ ಕಾಲುಭಾಗ ಇಳಿದಿದೆ, ಇಳಿಯಲಿ.

ಹನ್ನೊಂದರ ಬಸ್ಸು ಸಿಕ್ಕಿತು. ನಾನೂ ಜೊತೆಗೆ ಹೋದೆ. ಸಂಜೆ ಆಸ್ಪತ್ರೆಯಲ್ಲಿ ಅಕ್ಕನ ಬೆರಳು ಚುಚ್ಚುವಾಗ ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ನೂರ ಎಪ್ಪತ್ತೆಂಟು. ಶುಕ್ರವಾರ ಬೆಳಗ್ಗೆ ಬಲಗಣ್ಣಿನ ಆಪರೇಷನ್ ಆಯಿತು. ಮಾಡಿದ ಡಾಕ್ಟರಿಗೆ, ನರ್ಸಮ್ಮನಿಗೆ, ಬಸ್ಸನ್ನು ಹೊತ್ತಿಗೆ ಸರಿಯಾಗಿ ತಂದ ಡ್ರೈವರಿಗೆ, ಯಾವ ಹೊಲದ ಬದುವಿನಲ್ಲೋ ಇದ್ದ ಆ ನೆಲ್ಲಿ ಮರಕ್ಕೆ, ಎಲ್ಲರಿಗೂ ಮನಸ್ಸಿನಲ್ಲೇ ಅಡ್ಡಬಿದ್ದೆ.

ಶನಿವಾರ ಪಟ್ಟಿ ತೆಗೆದರು. ಅಕ್ಕ ಎರಡು ಸಲ ರೆಪ್ಪೆ ಬಡಿದು ನನ್ನನ್ನು ನೋಡಿದಳು. "ಅಯ್ಯೋ, ಎಷ್ಟು ಮುದುಕ ಆಗಿದೀಯೋ! ಕೂದಲೆಲ್ಲ ಬೆಳ್ಳಗೆ!" ಅಂದಳು. ಆಮೇಲೆ ನನ್ನ ಕೆನ್ನೆಯನ್ನು ಎರಡು ಬೆರಳಿನಿಂದ ಒತ್ತಿ, "ನಗು" ಅಂದಳು. ನಕ್ಕೆ. "ಸ್ವಲ್ಪ ಇದೆ. ಎಡಗಡೆ. ಗಡ್ಡದಲ್ಲಿ ಮುಚ್ಚಿಹೋಗಿದೆ" ಅಂದಳು.

ಅವಳ ಮನೆಗೆ ಕರೆದುಕೊಂಡು ಹೋಗಿ ಎರಡು ರಾತ್ರಿ ಇದ್ದೆ. ಸೋಮವಾರ ಬೆಳಗ್ಗೆ ಹೊರಟೆ. ಅವಳ ಊರು ಎಲ್ಲ ಊರುಗಳ ಹಾಗೆಯೇ. ಅಲ್ಲಿ ಉಂಡವರು ಕೈ ತೊಳೆದು, ಬರುತ್ತೇವೆ ಎಂದು ಹೇಳಿ ನಡೆದುಬಿಡುತ್ತಾರೆ, ಹೊಸಿಲು ಯಾರನ್ನೂ ಹಿಡಿಯುವುದಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದೆ. ನಿಂತೆ.

"ಯಾಕೋ? ಬಸ್ಸಿಗೆ ಹೊತ್ತಾಗ್ಲಿಲ್ವಾ?" ಅಂದಳು ಅಕ್ಕ ಹಿಂದಿನಿಂದ.

"ಕಾಲು ಏಳ್ತಾ ಇಲ್ಲಕ್ಕಾ."

"ನಮ್ಮೂರಲ್ಲಿ ಆ ಕಾಟ ಇಲ್ಲ ಕಣೋ."

"ಇದೆ," ಅಂದೆ. "ಎರಡು ರಾತ್ರಿ ಇದ್ದೀನಿ. ಕೊಡೋದು ಕೊಟ್ಟು ಕಳಿಸು."

ಅವಳು ನನ್ನನ್ನು ತನ್ನ ಹೊಸ ಕಣ್ಣಿನಿಂದ ಒಂದು ಗಳಿಗೆ ನೋಡಿದಳು. ಒಳಗೆ ಹೋದಳು. ಅಡುಗೆಮನೆಯಲ್ಲಿ ಕಲ್ಲಿನ ಮೇಲೆ ಏನನ್ನೋ ಜಜ್ಜುವ ಸದ್ದು ಕೇಳಿತು. ಒಂದು ಕೈಯ ಮುಷ್ಟಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹಿತ್ತಾಳೆ ತಂಬಿಗೆ ಹಿಡಿದುಕೊಂಡು ಬಂದಳು. ಅದೇ ತಂಬಿಗೆ, ಕಂಠದ ಹತ್ತಿರ ನಗ್ಗಿದ್ದು.

"ಕಣ್ಣು ಮುಚ್ಕೋ. ಮೊದಲು ಔಷಧಿ" ಅಂದಳು.

ನಾನು ಕಣ್ಣು ಮುಚ್ಚಿ ಬಾಯಿ ತೆರೆದೆ.